ಪೀಣ್ಯದ ಕ್ಯಾಂಟೀನಿನಲ್ಲಿ ಪೋಲೆಂಡಿನ ಸಿನಿಮಾ

ಟಿ.ವಿ.ಯಲ್ಲಿ ಬೇರೆ ದೇಶದ ಸಿನಿಮಾ ಬಂದರೆ ಕೆಳಗೆ ಮೂಡುವ ಅಕ್ಷರಗಳನ್ನು ನಾನು ಓದುವುದಿಲ್ಲ. ಓದಿದರೂ ನಂಬುವುದಿಲ್ಲ. “ಅವನು ನಿಜವಾಗಿ ಅದನ್ನೇ ಹೇಳಿದನೋ ಇಲ್ಲವೋ ಯಾರು ಕಂಡರು?” ಎಂದು ಗೊಣಗುತ್ತೇನೆ. ನಮ್ಮ ಯಜಮಾನರಿಗೆ ರೇಗುತ್ತದೆ. “ಅಲ್ಲ ಕಣೇ, ಅಷ್ಟು ದುಡ್ಡು ಸುರಿದು ಸಿನಿಮಾ ತೆಗೆದೋರು ನಿನಗೊಬ್ಬಳಿಗೆ ಮೋಸ ಮಾಡೋಕ್ಕೆ ಸುಳ್ಳು ಬರೀತಾರಾ?” ಎನ್ನುತ್ತಾರೆ. ಬರೆಯುತ್ತಾರೆ ಎಂದು ವಾದಿಸಲು ನನ್ನ ಹತ್ತಿರ ಪುರಾವೆಯಿಲ್ಲ. ಬರೆಯುವುದಿಲ್ಲ ಎಂದು ಒಪ್ಪಿಕೊಳ್ಳಲು ಧೈರ್ಯವಿಲ್ಲ. ಹೀಗಾಗಿ ನಾನು ಅಕ್ಷರ ಬಿಟ್ಟು ಮುಖಗಳನ್ನೇ ನೋಡುತ್ತಾ ಕೂರುತ್ತೇನೆ, ಅರ್ಧಕ್ಕೆ ಕಥೆ ತಪ್ಪಿಹೋಗಿ ಯಾರು ಯಾರಿಗೆ ಏನಾಗಬೇಕು ಎಂದು ಅವರನ್ನೇ ಕೇಳುತ್ತೇನೆ.

ಈ ಅಭ್ಯಾಸ ಪೀಣ್ಯದಲ್ಲಿ ಅಂಟಿಕೊಂಡದ್ದು. ಅದನ್ನು ಹೇಳಬೇಕಾದರೆ ಮೊದಲು ಸೆನ್ಸಾರ್ ಎಂಬ ಪದ ನನ್ನ ತಲೆಯೊಳಗೆ ಹೇಗೆ ಕೂತಿತ್ತು ಎಂಬುದನ್ನು ಹೇಳಬೇಕು. ನಾನು ಚಿಕ್ಕವಳಿದ್ದಾಗ ದಾಸರಹಳ್ಳಿ ಕಡೆ ಟೆಂಟ್ ಸಿನಿಮಾ ಬರುತ್ತಿತ್ತು. ಮರಳಿನ ಮೇಲೆ ಕೂತು ನೋಡುವುದು. ಸಿನಿಮಾಕ್ಕೆ ಮುಂಚೆ ಸೆನ್ಸಾರ್ ಪತ್ರ ತೋರಿಸುತ್ತಾರಲ್ಲ, ಅದರಲ್ಲಿ ರೀಲುಗಳ ಲೆಕ್ಕ ಕಂಡ ಕೂಡಲೇ ಗಂಡಸರು ಶಿಳ್ಳೆ ಹೊಡೆಯುತ್ತಿದ್ದರು. ರೀಲು ಹೆಚ್ಚಿದ್ದರೆ ಕೊಟ್ಟ ಕಾಸಿಗೆ ಮೋಸವಿಲ್ಲ ಎಂದು ಸಮಾಧಾನ. ಪತ್ರದ ಮೂಲೆಯಲ್ಲಿ ತ್ರಿಕೋನವಿದ್ದರೆ ಮಾತ್ರ ಒಂದು ನಿಟ್ಟುಸಿರು. ಕತ್ತರಿ ಬಿದ್ದಿದೆ ಎಂದು ಅದರರ್ಥ. ನಮ್ಮ ಬೀದಿಯ ದರ್ಜಿ ಹೊಲಿದು ಉಳಿದ ಚೂರುಪಾರು ಬಟ್ಟೆಯನ್ನು ಮೂಟೆ ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಸೆನ್ಸಾರ್ ಅನ್ನುವವನೂ ಹಾಗೇ ಒಬ್ಬ ದರ್ಜಿ, ಅವನ ಮನೆಯ ಮೂಲೆಯಲ್ಲೂ ಕತ್ತರಿಸಿದ ಸಿನಿಮಾ ಚೂರುಗಳ ಮೂಟೆಯಿರುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಆ ಮೂಟೆಯಲ್ಲಿ ಏನಿರುತ್ತದೆ ಎಂದು ಅಮ್ಮನನ್ನು ಕೇಳಿದರೆ, “ನಿನಗ್ಯಾಕೆ ಅದು, ಸುಮ್ನೆ ನೋಡು” ಎಂದು ತೊಡೆ ಚಿವುಟುತ್ತಿದ್ದಳು. ಅಲ್ಲಿಗೆ ಏನಿರಬಹುದೆಂದು ಅರ್ಧಂಬರ್ಧ ಗೊತ್ತಾಗುತ್ತಿತ್ತು.

ಮುಂದೆ ಶಾರ್ಟ್‌ಹ್ಯಾಂಡ್ ಕಲಿತು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೆನೋ ಆಗಿ ಸೇರಿಕೊಂಡೆ. ಆಗಿನ ಪೀಣ್ಯವೆಂದರೆ ಎರಡು ಶೆಡ್ಡುಗಳ ನಡುವೆ ಒಂದು ರಾಗಿ ಹೊಲ. ಲೇತಿನ ಸದ್ದು ನಿಂತರೆ ಹೊಲದಲ್ಲಿ ಎತ್ತು ಹೊಡೆಯುವವನ ಕೂಗು ಕೇಳುತ್ತಿತ್ತು. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಆಫೀಸು ಸೇರುವಷ್ಟರಲ್ಲಿ ನನ್ನ ಸೀರೆಯ ಅಂಚು ಧೂಳಿಗೆ ಕೆಂಪಾಗಿರುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಾರ್ಖಾನೆಗೆ ಪೋಲೆಂಡಿನಿಂದ ಲೋಹದ ತಗಡು ಒತ್ತುವ ಒಂದು ಭಾರಿ ಪ್ರೆಸ್ ಬಂತು. ಅದನ್ನು ಕೂರಿಸಿಕೊಡಲು ಜೊತೆಯಲ್ಲಿ ಇಬ್ಬರು ಬಂದರು.

ಒಬ್ಬ ಮಾರೆಕ್, ನನ್ನ ವಯಸ್ಸಿನವನೇ ಆದ ಎಂಜಿನಿಯರ್. ನಮ್ಮ ಕಾರ್ಮಿಕರು ಅವನನ್ನು ವಾರದೊಳಗೆ ಮಾರಣ್ಣ ಮಾಡಿಕೊಂಡರು. ಇನ್ನೊಬ್ಬರು ಹೆನ್ರಿಕ್, ಅವನ ಮೇಲಧಿಕಾರಿ. ದಪ್ಪ ಮೀಸೆಯ, ಮಾತಿಲ್ಲದ ಮನುಷ್ಯ. ಊಟಕ್ಕೆ ಏನು ಬಡಿಸಿದರೂ ಅದಕ್ಕೆ ಮೊಸರು ಕಲಸಿಕೊಂಡು ತಿನ್ನುತ್ತಿದ್ದರು. ಕಾರ್ಮಿಕರ ಬಾಯಲ್ಲಿ ಅವರು ಎನ್ರೀಕಣ್ಣ. ಆದರೆ ಎದುರಿಗೆ ಯಾರೂ ಹಾಗೆ ಕರೆಯುವ ಸಾಹಸ ಮಾಡಲಿಲ್ಲ.

ಮಾರೆಕ್‌ನ ಹೆಂಡತಿ ಎವಾ ಮತ್ತು ಪುಟ್ಟ ಮಗಳು ಪೋಲೆಂಡಿನಲ್ಲೇ ಉಳಿದಿದ್ದರು. ಅವರನ್ನು ಇಲ್ಲಿಗೆ ಕರೆಸಿಕೊಳ್ಳುವುದೇ ಅವನಿಗೆ ಹಗಲಿರುಳಿನ ಧ್ಯಾನ. ಅಲ್ಲಿ ಆಗ ಸೈನ್ಯದ ಆಳ್ವಿಕೆ ಬಂದಿತ್ತು. ಪಾಸ್‌ಪೋರ್ಟ್ ಜನರ ಮನೆಯಲ್ಲಿರುವುದಿಲ್ಲವಂತೆ, ಪೊಲೀಸರ ಕಪಾಟಿನಲ್ಲಿರುತ್ತದಂತೆ. ಅವರು ಕೊಟ್ಟರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ. ಹೆಂಡತಿಯ ಕಾಗದಗಳು ಬಿಚ್ಚಿ ಮತ್ತೆ ಅಂಟಿಸಿದ ಸ್ಥಿತಿಯಲ್ಲಿ ಬರುತ್ತಿದ್ದವು. ನಾವು ಓದಿದ್ದೇವೆ ಎಂದು ಮೇಲೆ ರಾಜಾರೋಷವಾಗಿ ಮುದ್ರೆ ಬೇರೆ. ಕದ್ದು ಓದುವವರು ಮುದ್ರೆ ಯಾಕೆ ಒತ್ತುತ್ತಾರೆ ಎಂದು ನನಗೆ ಬಗೆಹರಿಯಲಿಲ್ಲ.

“ಹೆನ್ರಿಕ್ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರೆದರೆ ಎವಾ ಬರುತ್ತಾಳೆ” ಎಂದು ಮಾರೆಕ್ ಒಂದು ದಿನ ನನ್ನ ಟೈಪ್‌ರೈಟರಿನ ಪಕ್ಕ ನಿಂತು ಹೇಳಿದ. “ಕೆಟ್ಟದ್ದು ಬರೆದರೆ ಅವಳೂ ಬರುವುದಿಲ್ಲ, ನಾನೂ ಇಲ್ಲಿರುವುದಿಲ್ಲ.”

“ಕೆಟ್ಟದ್ದು ಬರೆಯುವಂಥದ್ದು ನೀವೇನು ಮಾಡುತ್ತೀರಿ?”

“ಅದು ನನಗೆ ಗೊತ್ತಿದ್ದರೆ ಮಾಡುತ್ತಿರಲಿಲ್ಲವಲ್ಲ” ಎಂದ.

ಈ ನಡುವೆ ನಮ್ಮ ಸ್ಟೋರ್ಸಿನ ಗೋವಿಂದರಾಜುಗೆ ಸಿನಿಮಾ ಹುಚ್ಚು. ಕಾರ್ಖಾನೆಯಲ್ಲಿ ಒಂದು ಫಿಲ್ಮ್ ಕ್ಲಬ್ ಮಾಡಿದ್ದರು. ಕ್ಲಬ್ಬಿನ ಸದಸ್ಯರಿಗೆ ತೋರಿಸುವ ವಿದೇಶಿ ಚಿತ್ರಕ್ಕೆ ಇಲ್ಲಿಯ ಸೆನ್ಸಾರಿನ ಕತ್ತರಿ ಬೀಳುತ್ತಿರಲಿಲ್ಲ. ಈ ಸಂಗತಿ ಮೆಷಿನ್ ಶಾಪಿಗೆ ತಲುಪಿದ ಮೇಲೆ ಕಲೆಯ ಬಗ್ಗೆ ಅಲ್ಲಿ ಏಕಾಏಕಿ ಒಲವು ಹುಟ್ಟಿತು. ಜೀವಮಾನದಲ್ಲಿ ಸಿನಿಮಾಕ್ಕೆ ಹೋಗದ ಫಿಟ್ಟರುಗಳೆಲ್ಲ ಚಂದಾ ಕೊಟ್ಟು ಸದಸ್ಯರಾದರು. ಒಂದು ಸೋಮವಾರ ಗೋವಿಂದರಾಜು ನೋಟಿಸ್ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ, ‘ಸೆನ್ಸಾರ್ ಆಗದ ಪೋಲಿಷ್ ಚಿತ್ರ, ಭಾನುವಾರ ಮಧ್ಯಾಹ್ನ, ಕ್ಯಾಂಟೀನ್’ ಎಂದು ಬರೆದರು. ‘ಸೆನ್ಸಾರ್ ಆಗದ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಅದನ್ನು ಓದಿ ಹೇಳಿದಾಗ ಮಾರೆಕ್‌ಗೆ ಏನೂ ಅರ್ಥವಾಗಲಿಲ್ಲ. ನಿಮ್ಮಲ್ಲಿ ಏನನ್ನು ಕತ್ತರಿಸುತ್ತಾರೆ ಎಂದು ಕೇಳಿದ. ನಾನು ನೆಲ ನೋಡುತ್ತಾ, “ಮುತ್ತು ಗಿತ್ತು” ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ.

“ನಮ್ಮಲ್ಲಿ ಬೇಕಾದಷ್ಟು ಮುತ್ತು ಕೊಡಬಹುದು. ಮಾಂಸದ ಅಂಗಡಿಯ ಮುಂದೆ ಜನ ಸಾಲು ನಿಂತಿದ್ದನ್ನು ತೋರಿಸಬಾರದು.”

“ನಮ್ಮಲ್ಲಿ ಸೀಮೆಎಣ್ಣೆಯ ಸಾಲು ಎಷ್ಟು ಬೇಕಾದರೂ ತೋರಿಸಬಹುದು” ಎಂದೆ.

ಯಾರ ದೇಶ ಹೆಚ್ಚು ವಿಚಿತ್ರ ಎಂದು ತೀರ್ಮಾನವಾಗಲಿಲ್ಲ. ಅವನು ಇನ್ನೊಂದು ಸಂಗತಿ ಹೇಳಿದ. ಅವರಲ್ಲಿ ಸಿನಿಮಾ ತೆಗೆಯಲು ಸರ್ಕಾರವೇ ದುಡ್ಡು ಕೊಡುತ್ತದೆ. ಪೂರ್ತಿ ಮುಗಿದ ಮೇಲೆ ಇಷ್ಟವಾಗದಿದ್ದರೆ ಸರ್ಕಾರವೇ ಅದನ್ನು ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕುತ್ತದೆ. ಬಿಡುಗಡೆಯಾದ ಸಿನಿಮಾಗಳಲ್ಲೂ ಹೇಳಬೇಕಾದ್ದನ್ನು ಹೇಳದೆಯೇ ಬಿಟ್ಟಿರುತ್ತಾರಂತೆ. ಪರದೆಯ ಮೇಲೆ ಒಬ್ಬ ಸುಮ್ಮನೆ ಕಿಟಕಿ ಮುಚ್ಚುತ್ತಾನೆ, ಥಿಯೇಟರಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಕಿಟಕಿ ಮುಚ್ಚುವುದರಲ್ಲಿ ನಗುವುದೇನಿದೆ ಎಂದು ಕೇಳಿದೆ. ಅದನ್ನು ವಿವರಿಸಲು ಇಂಗ್ಲಿಷ್ ಸಾಲದು ಎಂದ.

ಶನಿವಾರ ಸಿನಿಮಾದ ಡಬ್ಬಗಳು ಬಂದವು. ಮೇಲಿನ ಹೆಸರು ಓದಿದ ಕೂಡಲೇ ಮಾರೆಕ್‌ನ ಮುಖ ಸುಣ್ಣ ಬಳಿದಂತಾಯಿತು. ಅಲ್ಲಿ ನಡುವೆ ಕೆಲವು ತಿಂಗಳು ಸರ್ಕಾರದ ಹಿಡಿತ ಸಡಿಲವಾಗಿತ್ತಂತೆ. ಆಗ ತೆಗೆದ ಚಿತ್ರ ಇದು. ಅದರ ಒಂದು ಪ್ರತಿ ಆಗಲೇ ಹೊರದೇಶಕ್ಕೆ ಹೊರಟುಬಂತು. ಆಮೇಲೆ ಸೈನ್ಯ ಬಂದು ಅಲ್ಲಿ ಚಿತ್ರ ಅಟ್ಟ ಸೇರಿತು. ಈ ಪ್ರತಿ ಮಾತ್ರ ಇಲ್ಲಿ ಊರಿಂದೂರಿಗೆ, ಕ್ಲಬ್ಬಿಂದ ಕ್ಲಬ್ಬಿಗೆ ಅಲೆಯುತ್ತಿತ್ತು. “ನಾನು ಇದನ್ನು ನೋಡಿಲ್ಲ. ನಮ್ಮ ದೇಶದಲ್ಲಿ ಈಗ ಈ ಚಿತ್ರವೇ ಇಲ್ಲ” ಎಂದ.

ಅದಕ್ಕೆ ಇಂಗ್ಲಿಷ್ ಅಡಿಬರಹ ಇಲ್ಲ ಎಂಬುದು ಭಾನುವಾರ ಬೆಳಿಗ್ಗೆ ತಿಳಿಯಿತು. ಗೋವಿಂದರಾಜು ಎದೆಗುಂದುವವರಲ್ಲ. ಊಟದ ಹೊತ್ತಿಗೆ ಹೆನ್ರಿಕ್ ಎದುರಿನಲ್ಲೇ, “ಅದಕ್ಕೇನ್ ಬಿಡಿ ಸಾರ್, ಮಾರೆಕ್ ಸಾರ್ ಇಂಗ್ಲಿಷಲ್ಲಿ ಹೇಳ್ತಾರೆ, ವಿಮಲಾ ಮೇಡಂ ಕನ್ನಡದಲ್ಲಿ ಹೇಳ್ತಾರೆ” ಎಂದು ಘೋಷಿಸಿಬಿಟ್ಟರು. ವಿಮಲಾ ಅಂದರೆ ನಾನು. ಮಾರೆಕ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಹೆನ್ರಿಕ್ ಮೊಸರು ಕಲಸುತ್ತಿದ್ದ ಕೈ ನಿಲ್ಲಿಸಿ, “ಮಾಡು, ಮಾರೆಕ್. ಚೆನ್ನಾಗಿ ಮಾಡು” ಎಂದು ಇಂಗ್ಲಿಷಿನಲ್ಲೇ ಹೇಳಿದರು. ಅದು ಅಪ್ಪಣೆಯೋ, ತಮಾಷೆಯೋ, ಎಚ್ಚರಿಕೆಯೋ ನನಗೆ ಹೊಳೆಯಲಿಲ್ಲ. ಮಾರೆಕ್‌ಗೂ ಹೊಳೆದಂತೆ ಕಾಣಲಿಲ್ಲ.

ಪ್ರೆಸ್ ಬಂದಿದ್ದ ಪೆಟ್ಟಿಗೆಗಳ ಟಾರ್ಪಾಲುಗಳನ್ನು ಕ್ಯಾಂಟೀನಿನ ಕಿಟಕಿಗಳಿಗೆ ಕಟ್ಟಿ ಕತ್ತಲು ಮಾಡಿದ್ದರು. ಗೆಸ್ಟ್‌ಹೌಸಿನ ಮಂಚದ ಹಾಸು ಪರದೆಯಾಯಿತು. ಭಾನುವಾರ ಒಬ್ಬಳೇ ಗಂಡಸರ ನಡುವೆ ಹೋಗುವುದು ಬೇಡವೆಂದು ಅಮ್ಮನೂ ನನ್ನ ಜೊತೆ ಬಂದಿದ್ದಳು. ಮುಂದಿನ ಸಾಲಿನಲ್ಲಿ ಹೆನ್ರಿಕ್, ಅವರ ಪಕ್ಕದಲ್ಲಿ ಸೆರಗು ಹೊದ್ದ ಅಮ್ಮ. ಹಿಂದೆ ಉಸಿರು ಬಿಗಿಹಿಡಿದ ಮೆಷಿನ್ ಶಾಪು. ಪರದೆಯ ಪಕ್ಕ ಒಂದೇ ಮೈಕಿಗೆ ನಾನು ಮತ್ತು ಮಾರೆಕ್.

ಒಂದು ಹಳ್ಳಿಯಲ್ಲಿ ನೀರಿನ ಟ್ಯಾಂಕ್ ಕಟ್ಟುತ್ತಿದ್ದರು. ಒಬ್ಬ ಯುವಕ ಸಿಮೆಂಟನ್ನು ಬೆರಳಲ್ಲಿ ಪುಡಿ ಮಾಡಿ ಅಧಿಕಾರಿಯ ಮುಖದ ಮುಂದೆ ಹಿಡಿದು ಕೂಗಾಡಿದ. ಮಾರೆಕ್ ಮೈಕಿನಲ್ಲಿ, “ಸಿಮೆಂಟ್ ಬಹಳ ಚೆನ್ನಾಗಿದೆ ಎನ್ನುತ್ತಿದ್ದಾನೆ” ಎಂದ. ನಾನು ಹಾಗೇ ಹೇಳಿದೆ. ಟೀಚರ್ ಒಬ್ಬಳು, ಅವಳು ಆ ಯುವಕನ ಅಕ್ಕ ಎಂದು ಕೊನೆಗೆ ತಿಳಿಯಿತು, ಮಂತ್ರಿಯ ಸ್ವಾಗತಗೀತೆಯ ಹಾಳೆ ಹರಿದು ಹಾಕಿದಳು. “ಮಕ್ಕಳು ಬೇರೆ ಹಾಡು ಕಲಿಯಲಿ ಎನ್ನುತ್ತಾಳೆ” ಎಂದ. ಸಮವಸ್ತ್ರದ ಇಬ್ಬರು ಯುವಕನ ಕತ್ತಿಗೆ ಕೈಹಾಕಿ ಕಾರಿಗೆ ತಳ್ಳಿದರು. ಮಾರೆಕ್ ಒಂದು ಗುಟುಕು ನೀರು ಕುಡಿದು, “ಸ್ನೇಹಿತರು ಅವನನ್ನು ಪಟ್ಟಣ ತೋರಿಸಲು ಕರೆದೊಯ್ಯುತ್ತಿದ್ದಾರೆ” ಎಂದ.

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಮ್ಮ, “ಸ್ನೇಹಿತರಾದ್ರೆ ಯಾಕೇ ಕತ್ತು ಹಿಡಿದು ತಳ್ತಾರೆ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಮುಗಿದಾಗಲೆಲ್ಲ ದೀಪ ಹಾಕುತ್ತಿದ್ದರು. ದೀಪ ಬಂದ ಕೂಡಲೇ ಜಗಳ. ಆ ಹೆಂಗಸು ಸಿಮೆಂಟ್ ಅಧಿಕಾರಿಯನ್ನು ಪ್ರೀತಿಸಿದ್ದಾಳೆ ಎಂದು ಒಂದು ಗುಂಪು. ಅಧಿಕಾರಿಯೇ ಅವಳ ತಂದೆ ಎಂದು ಇನ್ನೊಂದು ಗುಂಪು. ಒಬ್ಬ ವೆಲ್ಡರ್ ನನ್ನ ಹತ್ತಿರ ಬಂದು, “ಮೇಡಂ, ತಪ್ ತಿಳ್ಕೋಬೇಡಿ. ಎಲ್ಲಾ ಅಷ್ಟು ಸಂದಾಕಿದ್ರೆ ಆಯಮ್ಮ ಯಾಕ್ ಅಂಗೆ ಅಳ್ತವಳೆ?” ಎಂದು ಕೇಳಿದ. ನೆಗಡಿಯಿರಬೇಕು ಎಂದೆ. ನನ್ನ ಬಾಯಿಗೆ ಆ ಕ್ಷಣ ಬಂದದ್ದು ಅದು. ಅವನು ನನ್ನನ್ನು ಕನಿಕರದಿಂದ ನೋಡಿ ಹೋದ.

ಮಾರೆಕ್ ಬೆವರುತ್ತಿದ್ದ. “ಮುಂದೆ ಏನು ಬರುತ್ತದೆ ಎಂದು ನನಗೇ ಗೊತ್ತಿಲ್ಲ. ಪ್ರತಿ ಮಾತಿಗೂ ಸುಳ್ಳು ಹುಟ್ಟಬೇಕು. ಹೆನ್ರಿಕ್‌ಗೆ ಪೋಲಿಷ್ ಬರುತ್ತದೆ, ನಾನು ಸುಳ್ಳು ಹೇಳುತ್ತಿರುವುದು ಅವರಿಗೆ ಕೇಳಿಸುತ್ತಿದೆ. ನಿಜ ಹೇಳಿದರೂ ಕೇಳಿಸುತ್ತದೆ” ಎಂದು ಪಿಸುಗುಟ್ಟಿದ. ನಾನು ಹೆನ್ರಿಕ್ ಕಡೆ ನೋಡಿದೆ. ಅವರು ಅಮ್ಮ ಕೊಟ್ಟ ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಂಡು ಅನುಮಾನದಿಂದ ಅಗಿಯುತ್ತಿದ್ದರು.

ಮೂರನೇ ರೀಲಿನಲ್ಲಿ ಕೊನೆಗೂ ಒಂದು ಮುತ್ತು ಬಂತು. ಅದೂ ಯಾರೋ ಒಬ್ಬ ಡ್ರೈವರನದು, ಕಥೆಗೆ ಸಂಬಂಧವೇ ಇಲ್ಲ. ನಾನು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡೆ. “ಅನುವಾದ ಬೇಡ ಮೇಡಂ, ಅರ್ಥ ಆಯ್ತು!” ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಕ್ಯಾಂಟೀನು ನಕ್ಕಿತು. ಇಡೀ ಚಿತ್ರದಲ್ಲಿ ನಮಗೆಲ್ಲ ಸರಿಯಾಗಿ ತಿಳಿದದ್ದು ಅದೊಂದೇ ಇರಬೇಕು.

ಕೊನೆಯ ರೀಲು. ಟ್ಯಾಂಕಿನ ಉದ್ಘಾಟನೆ. ಹಾಲಿನ ಕ್ಯಾನುಗಳಲ್ಲಿ ನೀರು ತಂದು ಟ್ಯಾಂಕಿಗೆ ಸುರಿಯುತ್ತಿದ್ದರು. ಮಂತ್ರಿ ನಲ್ಲಿ ತಿರುಗಿಸಿದಾಗ ನೀರು ಬರಬೇಕಲ್ಲ. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ನಮ್ಮ ಕಡೆಯೂ ಅಂಥದ್ದು ನೋಡಿದವರೇ ಎಲ್ಲರೂ, ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಆ ಟೀಚರ್ ಜನರ ಮಧ್ಯದಿಂದ ಎದ್ದು ನಿಂತಳು. ಅವಳ ಮುಖವೊಂದೇ ಪರದೆಯ ತುಂಬ. ನಿಧಾನವಾಗಿ, ಧ್ವನಿ ಏರಿಸದೆ ಮಾತಾಡತೊಡಗಿದಳು.

ಮಾರೆಕ್ ಮೈಕ್ ಹಿಡಿದುಕೊಂಡು ಸುಮ್ಮನೆ ನಿಂತ. ಒಂದು ಸುಳ್ಳೂ ಹುಟ್ಟಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. “ಏನಂತೆ? ಏನಂತೆ?” ಎಂದು ಹಿಂದೆ ಗಲಾಟೆಯೆದ್ದಿತು. ಎವಾ, ಮಗು, ಪೊಲೀಸರ ಕಪಾಟು ಎಲ್ಲ ನನ್ನ ತಲೆಯಲ್ಲಿ ಒಟ್ಟಿಗೆ ಸುತ್ತಿದವು. ಏನಾದರೂ ಹೇಳು ಮಾರಾಯ, ನೆಗಡಿ ಅಂತಲಾದರೂ ಹೇಳು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಆಗ ಹೆನ್ರಿಕ್ ಎದ್ದರು. ಅವರ ನೆರಳು ಪರದೆಯ ಮೇಲೆ ಬಿದ್ದು ಆ ಹೆಂಗಸಿನ ಅರ್ಧ ಮುಖ ಮುಚ್ಚಿತು. ಬಂದು ಮಾರೆಕ್‌ನ ಕೈಯಿಂದ ಮೈಕ್ ತೆಗೆದುಕೊಂಡರು. ಎಲ್ಲ ಮುಗಿಯಿತು ಎಂದುಕೊಂಡೆ. ಅವರು ನನ್ನತ್ತ ತಿರುಗಿ, ಮುರುಕು ಇಂಗ್ಲಿಷಿನಲ್ಲಿ, ಒಂದೊಂದೇ ವಾಕ್ಯ ಹೇಳಿದರು. ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ.

“ನನ್ನ ತಮ್ಮ ಏಣಿಯಿಂದ ಬಿದ್ದು ಸತ್ತ ಎಂದು ನೀವು ಬರೆದಿದ್ದೀರಿ. ಸಾಯುವಷ್ಟು ಎತ್ತರದ ಏಣಿ ನಮ್ಮ ಊರಿನಲ್ಲಿಲ್ಲ. ಸಿಮೆಂಟ್ ಕೆಟ್ಟದ್ದು ಎಂದದ್ದೇ ಅವನ ತಪ್ಪು. ನನಗೆ ಪರಿಹಾರ ಬೇಡ. ನಿಮ್ಮ ಮೇಲೆ ನನಗೆ ಸಿಟ್ಟೂ ಇಲ್ಲ. ಅವನು ಬೀಳಲಿಲ್ಲ ಎಂದು ಇಲ್ಲಿರುವವರಲ್ಲಿ ಒಬ್ಬರು ಎದ್ದು ನಿಂತು ಹೇಳಿ. ಅಷ್ಟು ಸಾಕು.”

ಪರದೆಯ ಮೇಲೆ ಯಾರೂ ಎದ್ದು ನಿಲ್ಲಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಿತ್ರ ಮುಗಿದು ದೀಪ ಬಂದಾಗ ಹೆನ್ರಿಕ್ ಮೈಕನ್ನು ಮೇಜಿನ ಮೇಲಿಟ್ಟು, ರೀಲುಗಳ ನಡುವೆ ಹಂಚಿದ್ದ ವಡೆ ಇನ್ನೊಂದು ಸಿಗಬಹುದೇ ಎಂದು ನನ್ನನ್ನು ಕೇಳಿದರು. ನಾನು ವಡೆ ತಂದುಕೊಟ್ಟೆ. ಮೊಸರಿಲ್ಲದೆಯೇ ತಿಂದರು.

ಮರುದಿನ ಮಾರೆಕ್ ನನ್ನ ಮೇಜಿನ ಹತ್ತಿರ ಬಂದ. ರಾತ್ರಿ ನಿದ್ದೆ ಮಾಡಿರಲಿಲ್ಲ. “ಅದು ನನಗೆ ಒಡ್ಡಿದ ಪರೀಕ್ಷೆಯೇ?” ಎಂದ.

“ಎಂಥ ಪರೀಕ್ಷೆ? ಅವರು ನಿಜ ಹೇಳಿದರು, ಅಷ್ಟೇ ಅಲ್ಲವೇ?”

“ಅದೇ. ಮೇಲಧಿಕಾರಿ ಅಂಥ ಮಾತು ಆಡಿದ್ದನ್ನು ನಾನು ಮೇಲಿನವರಿಗೆ ತಿಳಿಸಬೇಕು. ತಿಳಿಸದಿದ್ದರೆ ನಾನೂ ಅವರ ಪರ ಎಂದಾಗುತ್ತದೆ. ತಿಳಿಸುತ್ತೇನೋ ಇಲ್ಲವೋ ನೋಡಲು ಅವರು ಹಾಗೆ ಮಾಡಿದ್ದರೆ?”

“ಬರೀ ಮನಸ್ಸಿಗೆ ಬಂದು ಎದ್ದಿದ್ದರೆ?”

“ಹಾಗಿದ್ದರೆ ತಿಳಿಸಿದ ನಾನು ಏನಾಗುತ್ತೇನೆ?”

ಸುಮ್ಮನಿರಿ ಎಂದು ಹೇಳಿದೆ. ಸುಮ್ಮನಿರುವುದೂ ಅಲ್ಲಿ ಒಂದು ಉತ್ತರವೇ ಎಂದ. ನನಗೆ ತಲೆ ಚಿಟ್ಟು ಹಿಡಿಯಿತು. ಇಬ್ಬರು ಮನುಷ್ಯರು ಒಂದೇ ಗೆಸ್ಟ್‌ಹೌಸಿನಲ್ಲಿ, ಒಂದೇ ಮೇಜಿನ ಮೇಲೆ ಊಟ ಮಾಡುತ್ತಾ, ಒಬ್ಬರನ್ನೊಬ್ಬರು ಒಂದು ಮಾತು ಕೇಳಿಬಿಡಬಾರದೇ? ಕೇಳಲಿಲ್ಲ. ಪ್ರೆಸ್ಸಿನ ನಟ್ಟು ಬೋಲ್ಟಿನ ಬಗ್ಗೆ ಮಾತ್ರ ಮಾತಾಡಿಕೊಂಡಿದ್ದರು.

ತಿಂಗಳು ಕಳೆಯುವುದರೊಳಗೆ ಹೆನ್ರಿಕ್‌ಗೆ ವಾಪಸು ಬರುವಂತೆ ಟೆಲೆಕ್ಸ್ ಬಂತು. ಪ್ರೆಸ್ ಇನ್ನೂ ಅರ್ಧ ನಿಂತಿತ್ತು. ಅವಧಿ ಮುಗಿದಿತ್ತು ಎಂದರು ಕೆಲವರು. ಆರೋಗ್ಯ ಸರಿಯಿಲ್ಲ ಎಂದರು ಇನ್ನು ಕೆಲವರು. ಹೊರಡುವ ದಿನ ಅವರು ಶಾಪಿನಲ್ಲೆಲ್ಲ ತಿರುಗಿ ಪ್ರತಿಯೊಬ್ಬರ ಕೈ ಕುಲುಕಿದರು. ಆ ವೆಲ್ಡರ್ ಮೊದಲ ಸಲ ಎದುರಿಗೇ, “ಒಯ್ತೀರಾ ಎನ್ರೀಕಣ್ಣ?” ಎಂದ. ಅವರಿಗೆ ಏನು ತಿಳಿಯಿತೋ, ಹೌದೆಂದು ತಲೆಯಾಡಿಸಿದರು. ಮತ್ತೆ ಅವರ ಸುದ್ದಿ ನಮಗೆ ಸಿಗಲೇ ಇಲ್ಲ.

ಅವರು ಹೋದ ಸ್ವಲ್ಪ ದಿನಕ್ಕೆ ಎವಾಗೆ ಪಾಸ್‌ಪೋರ್ಟ್ ಸಿಕ್ಕಿತು. ಹೋಗುವ ಮೊದಲು ಹೆನ್ರಿಕ್ ಒಳ್ಳೆಯ ಅಭಿಪ್ರಾಯ ಬರೆದು ಹೋಗಿದ್ದರೇ? ಅಥವಾ ಬೇರೆ ಯಾರೋ ಬೇರೆ ಏನನ್ನೋ ಬರೆದದ್ದಕ್ಕೆ ಬಂದ ಫಲವೇ? ಅಂದು ಕ್ಯಾಂಟೀನಿನಲ್ಲಿ ಅಷ್ಟು ಜನ ಇದ್ದದ್ದೇನೋ ನಿಜ. ಆದರೆ ಪರದೆಯ ಮೇಲೆ ಆ ಟೀಚರ್ ಆಡಿದ್ದೂ ಹೆನ್ರಿಕ್ ಹೇಳಿದ್ದೂ ಒಂದೇ ಎಂದು ಬಲ್ಲವನು ಇಡೀ ಪೀಣ್ಯದಲ್ಲಿ ಒಬ್ಬನೇ. ಈ ಯೋಚನೆ ಬಂದಾಗ ನನ್ನ ಮೇಲೇ ನನಗೆ ಅಸಹ್ಯವಾಯಿತು. ಬಂದದ್ದು ಹೋಗಲಿಲ್ಲ.

ತಾಯಿ ಮಗಳು ಬಂದ ಮಾರನೆಯ ದಿನ ಅಮ್ಮ ಕೋಡುಬಳೆ ಕರಿದು ಕೊಟ್ಟಳು. ಗೆಸ್ಟ್‌ಹೌಸಿಗೆ ತೆಗೆದುಕೊಂಡು ಹೋದೆ. ಎವಾ ನನ್ನ ಎರಡೂ ಕೈ ಹಿಡಿದು ಅವಳ ಭಾಷೆಯಲ್ಲಿ ಏನೇನೋ ಹೇಳಿದಳು. ಮಗು ಕೋಡುಬಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ವರಾಂಡದ ತುಂಬ ಓಡಿತು. ಅದನ್ನು ಕಂಡು ನನಗೆ ಆದ ಸಂತೋಷ ಸುಳ್ಳಲ್ಲ. ಮಾರೆಕ್ ಮಗಳನ್ನು ಎತ್ತಿಕೊಂಡು ನನ್ನನ್ನು ಗೇಟಿನವರೆಗೆ ಬಿಡಲು ಬಂದ.

“ಒಂದು ಮಾತು” ಎಂದ. “ಹೆನ್ರಿಕ್ ಅಂದು ಹೇಳಿದ್ದನ್ನು ನೀವು ಹೊರಗೆ ಯಾರಿಗಾದರೂ ಹೇಳಿದಿರಾ?”

“ಇಲ್ಲ” ಎಂದೆ.

ಅವನು ಮಗಳ ಕೂದಲು ಸರಿಮಾಡಿದ. ಆಮೇಲೆ, “ನಾನೂ ಹೇಳಲಿಲ್ಲ” ಎಂದ.

ನೀವು ಹೇಳಿದಿರಾ ಎಂದು ನಾನು ಅವನನ್ನು ಕೇಳಿರಲಿಲ್ಲ.